ಬೀದಿಯನ್ನು ಬಲ್ಲವರ ಸಲಹೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ತರಗತಿಯಲ್ಲಿ ನಾನು ಎಷ್ಟೋ ಸಲ ವಿಸ್ತರಿಸಿ ಹೇಳಿದ್ದೇನೆ. ನಮ್ಮ ಪೇಟೆಬೀದಿಯ ಕೊಬ್ಬರಿ ಮಂಡಿಗೆ ಬೆಂಕಿ ಬಿದ್ದ ರಾತ್ರಿ ಆ ಗಾದೆ ತಿರುಗುಮುರುಗಾಯಿತು. ಬಾವಿಯನ್ನು ಹಿರಿಯರು ಎಂದೋ ತೋಡಿದ್ದರು. ಅದರ ಮೇಲೆ ಚಪ್ಪಡಿ ಹಾಸಿ ಹೂವಿನ ಅಂಗಡಿಗೆ ಎಡೆ ಮಾಡಿಕೊಟ್ಟವರು ನಾವು. ಅಗ್ನಿಶಾಮಕ ವಾಹನ ಬೀದಿಯ ಬಾಯಿಗೆ ತಡಮಾಡದೆ ಬಂದಿತು. ಅಲ್ಲಿಂದ ಮುಂದೆ ಬರಲಾರದೆ ಹೋಯಿತು. ಮೂಲೆಮನೆಯ ಜಗಲಿ ಬೀದಿಗೆ ಎರಡು ಮೊಳ ಚಾಚಿಕೊಂಡಿತ್ತು. ಆ ಮನೆ ನಮ್ಮದು. ಸಿಬ್ಬಂದಿ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಓಡಿದರು. ಅಟ್ಟದಲ್ಲಿ ಮಲಗಿದ್ದ ಹಮಾಲಿಯೊಬ್ಬ ಉಳಿಯಲಿಲ್ಲ.

ಜಗಲಿಯ ಸಂಗತಿ, ಬಾವಿಯ ಸಂಗತಿ ಊರಿಗೆಲ್ಲ ತಿಳಿದಿತ್ತು. ಅದನ್ನು ಠಾಣೆಯವರಿಗೆ ಯಾರು, ಎಲ್ಲಿ ಕುಳಿತು ಹೇಳಬೇಕಾಗಿತ್ತು? ಈ ಪ್ರಶ್ನೆಯ ಬೆನ್ನುಹತ್ತಿ ನಾನು ಒಂದಷ್ಟು ಕಾನೂನನ್ನು ಓದಿದೆ.

ದೇಶದ ಮಟ್ಟದಲ್ಲಿ ಸಲಹೆಗೆ ಕೊರತೆಯಿಲ್ಲ. ಕೇಂದ್ರ ಗೃಹ ಮಂತ್ರಾಲಯವು 1955ರಲ್ಲಿಯೇ ಸ್ಥಾಯೀ ಅಗ್ನಿಶಾಮಕ ಸಲಹಾ ಸಮಿತಿಯನ್ನು ರಚಿಸಿತು. 1980ರಲ್ಲಿ ಅದಕ್ಕೆ ಸಲಹಾ ಪರಿಷತ್ತೆಂಬ ಹೆಸರಾಯಿತು. ರಾಜ್ಯಗಳ ಅಗ್ನಿಶಾಮಕ ಸೇವೆಗಳ ಪ್ರತಿನಿಧಿಗಳೂ ಮಂತ್ರಾಲಯಗಳ ಅಧಿಕಾರಿಗಳೂ ಮಾನಕ ಸಂಸ್ಥೆಯವರೂ ಅದರಲ್ಲಿ ಕೂಡುತ್ತಾರೆ. 1958ರಲ್ಲಿ ರಾಜ್ಯಗಳಿಗೆ ಮಾದರಿ ಮಸೂದೆಯೊಂದು ಹೋಯಿತು. ನಮ್ಮ ರಾಜ್ಯದ ಅಗ್ನಿಶಾಮಕ ದಳದ ಅಧಿನಿಯಮ 1964ರದು. ಐವತ್ತು ಸಾವಿರ ಜನರಿಗೆ ಒಂದು ಪಂಪು, ಪಟ್ಟಣದಲ್ಲಿ ಐದರಿಂದ ಏಳು ನಿಮಿಷಗಳೊಳಗೆ ನೆರವು, ಹಳ್ಳಿಗಾಡಿನಲ್ಲಿ ಇಪ್ಪತ್ತು ನಿಮಿಷ ಎಂಬ ಅಳತೆಗಳು ಆ ಪರಿಷತ್ತಿನವು. ಅವು ಬೆಲೆಯುಳ್ಳ ಅಳತೆಗಳೇ. ಆದರೆ ಅಗ್ನಿಶಾಮಕ ಸೇವೆ ರಾಜ್ಯಕ್ಕೆ ಸೇರಿದ ವಿಷಯವಾದ್ದರಿಂದ ಪರಿಷತ್ತಿನ ಮಾತು ಸಲಹೆಯಾಗಿಯೇ ಉಳಿಯುತ್ತದೆ. ಅಲ್ಲದೆ, ನಿಮಿಷಗಳನ್ನು ಎಣಿಸುವ ಗಡಿಯಾರಕ್ಕೆ ನಮ್ಮ ಜಗಲಿ ಕಾಣುವುದು ಹೇಗೆ?

74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪೌರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಹನ್ನೆರಡನೆಯ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆಯೂ ಸೇರಿತು. ನಮ್ಮಲ್ಲಿ ಅದು ರಾಜ್ಯದ ಇಲಾಖೆಯಾಗಿಯೇ ಮುಂದುವರಿದಿದೆ. ಹಾಗಿರುವುದೇ ಮೇಲೆಂದು ನನ್ನ ಅಭಿಪ್ರಾಯ: ತರಬೇತಿ, ಶಿಸ್ತು, ಯಂತ್ರಗಳ ವೆಚ್ಚ ಇವನ್ನೆಲ್ಲ ಸಣ್ಣ ಪೌರಸಭೆ ತಾಳಲಾರದು. ಆದರೆ ಬೀದಿ ಪೌರಸಭೆಯದು, ಬೆಂಕಿ ಇಲಾಖೆಯದು ಎಂದಾದಾಗ ಇವೆರಡರ ನಡುವೆ ಒಂದು ಜಮಖಾನೆಯನ್ನಾದರೂ ಹಾಸಬೇಡವೆ?

ನಾನು ಬಯಸುವ ಸಲಹಾ ಮಂಡಳಿ ಆ ಜಮಖಾನೆಯಷ್ಟೇ ದೊಡ್ಡದು. ಠಾಣಾಧಿಕಾರಿ, ಪೌರಸಭೆಯ ಎಂಜಿನಿಯರು, ಮಂಡಿ ವರ್ತಕರಲ್ಲೊಬ್ಬರು, ಶಾಲೆಯ ಮುಖ್ಯೋಪಾಧ್ಯಾಯಿನಿ ಇವರಂತೂ ಸರಿಯೆ. ಇವರಿಗಿಂತ ಅಗತ್ಯವಾದವರು ಇಬ್ಬರು: ವಿದ್ಯುತ್ತಿನ ಲೈನ್‌ಮನ್ ಹಾಗೂ ನೀರು ಬಿಡುವ ವಾಲ್ವ್‌ಮನ್. ಯಾವ ಕಂಬದಲ್ಲಿ ಕಿಡಿ ಹಾರುತ್ತದೆ, ಯಾವ ಕೊಳಾಯಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂಬುದನ್ನು ಬಲ್ಲವರು ಅವರು. ವಾಹನವೊಂದು ಹೊತ್ತು ತರುವ ನೀರು ಸಾಮಾನ್ಯವಾಗಿ 4,500 ಲೀಟರು. ಪೂರ್ಣ ವೇಗದಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಬರಿದು. ಆಮೇಲಿನ ನೀರು ಎಲ್ಲಿದೆಯೆಂದು ಹೇಳುವವನಿಗಿಂತ ದೊಡ್ಡ ಸಲಹೆಗಾರ ಯಾರು?

ಇಂಥ ಮಂಡಳಿಗೆ ಅಧಿಕಾರ ಬೇಡ. ಉರಿಯುವ ಮನೆಯ ಮುಂದೆ ನಿಂತು ಅದು ಅಪ್ಪಣೆ ಕೊಡುವಂತಾದರೆ ಅನಾಹುತವೇ. ದೀಪಾವಳಿಗೆ ಮುನ್ನ ಒಮ್ಮೆ, ಜಾತ್ರೆಗೆ ಮುನ್ನ ಒಮ್ಮೆ ಸೇರಿ, ಬೀದಿಗಳನ್ನು ಕಾಲ್ನಡೆಯಲ್ಲಿ ಸುತ್ತಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಲಿ. ಅದಕ್ಕೆ ಇಷ್ಟು ದಿನಗಳೊಳಗೆ ಲಿಖಿತ ಉತ್ತರ ಬರಲೇಬೇಕೆಂಬ ಒಂದು ಕಟ್ಟಳೆ ಇದ್ದರೆ ಸಾಕು. ಸದಸ್ಯರಿಗೆ ಭತ್ಯೆಯನ್ನಂತೂ ಕೊಡಕೂಡದು. ಕೊಟ್ಟರೆ ವಾಲ್ವ್‌ಮನ್‌ನ ಕುರ್ಚಿಯಲ್ಲಿ ಮರುವರ್ಷ ಬೇರೆ ಯಾರೋ ಕುಳಿತಿರುತ್ತಾರೆ.

ಜಗಲಿಯನ್ನು ನಾನು ಆ ವರ್ಷವೇ ಒಡೆಸಿದೆ. ಬಾವಿಯ ಚಪ್ಪಡಿಯನ್ನು ತೆಗೆಸಬೇಕೆಂದು ಎರಡು ಅರ್ಜಿ ಬರೆದೆ. ಬೆಂಕಿಯ ವಿಷಯ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಒಂದು ಕಚೇರಿ ಉತ್ತರಿಸಿತು. ಬಾವಿ ತಮ್ಮ ಸ್ವತ್ತಲ್ಲವೆಂದು ಇನ್ನೊಂದು ಉತ್ತರಿಸಿತು. ಎರಡು ಕಾಗದಗಳಲ್ಲಿಯೂ ಸುಳ್ಳಿಲ್ಲ. ಹೂವಿನ ಅಂಗಡಿ ಈಗಲೂ ಅಲ್ಲಿಯೇ ಇದೆ.