ಅಂಗಳದಲ್ಲೊಂದು ಹಾರಾಟ

ಅರವತ್ತು ದಾಟಿದ ಮೇಲೆ ನಾನು ಕ್ವಾಡ್‌ಕಾಪ್ಟರ್ ಎಂಬ ನಾಲ್ಕು ರೆಕ್ಕೆಯ ಡ್ರೋನೊಂದನ್ನು ಕೊಂಡು ಜೋಡಿಸಿದೆ. ಮೊದಲ ದಿನ ಅದು ಏಳಲಿಲ್ಲ, ಅಂಗಳದಲ್ಲೇ ಮಗುಚಿಬಿದ್ದಿತು. ಗಾಳಿಯನ್ನು ಹಳಿದೆ, ಯಂತ್ರವನ್ನೂ ಹಳಿದೆ.

ತಪ್ಪು ನನ್ನದೇ. ಅದರ 4 ಮೋಟಾರುಗಳಲ್ಲಿ ಓರೆಯಾಗಿ ಎದುರುಬದುರಿರುವ ಎರಡು ಒಂದು ದಿಕ್ಕಿಗೆ, ಉಳಿದೆರಡು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಇಲ್ಲದಿದ್ದರೆ ಒಡಲೇ ಬುಗುರಿಯಾದೀತು. ಆದುದರಿಂದ ರೆಕ್ಕೆಗಳಲ್ಲಿಯೂ ಎರಡು ಜಾತಿ. ಬಲಬದಿಯ ಎರಡನ್ನು ನಾನು ಅದಲುಬದಲು ಮಾಡಿದ್ದೆ. ಅವು ಗಾಳಿಯನ್ನು ಕೆಳಕ್ಕೊತ್ತುವ ಬದಲು ಮೇಲಕ್ಕೊತ್ತಿ ನೆಲ ಕಚ್ಚಿದ್ದವು.

ಮೋಟಾರುಗಳ ದಿಕ್ಕನ್ನು ಪರೀಕ್ಷಿಸುವಾಗ ರೆಕ್ಕೆಗಳನ್ನು ಕಳಚಿಡಬೇಕು. ನಾನು ಕಳಚಲಿಲ್ಲ. ಬಹುಕಾಲ ಸೀಮೆಸುಣ್ಣ ಹಿಡಿದ ಹೆಬ್ಬೆರಳಿಗೆ 3 ಹೊಲಿಗೆ ಬಿದ್ದವು.

ಹೊಲಿಗೆ ಬಿಚ್ಚಿದ ಮರುದಿನ, ರೆಕ್ಕೆಗಳನ್ನು ಸರಿಪಡಿಸಿ, ಮಟ್ಟಸವಾದ ನೆಲದ ಮೇಲಿಟ್ಟು ಅದರ ಸಮತೋಲವನ್ನು ಹೊಸದಾಗಿ ಹೊಂದಿಸಿದೆ. ಮೊಣಕಾಲೆತ್ತರಕ್ಕೆ ಎದ್ದಿತು, ನಿಂತಿತು. ಮನೆಯಾಕೆ ಮಾತ್ರ ಬಾಗಿಲ ಮರೆಯಿಂದ ಈಚೆಗೆ ಬರಲಿಲ್ಲ.