ಕೌಳಿಮಟ್ಟಿ: ಮುಳ್ಳು, ಹಾಲು, ಹೂವು, ಹಣ್ಣು

(ಸೊಪ್ಪಿನಬೆಟ್ಟದಲ್ಲಿ ಲಂಟಾನ ಕೀಳುವ ಶ್ರಮದಾನದ ಹಿಂದಿನ ಸಂಜೆ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಮೊದಲ ಮಳೆ ಬಿದ್ದು ನೆಲ ಮೆದುವಾಗಿದೆ. ನಾಳೆ ಬೆಳಿಗ್ಗೆ ನಾವೆಲ್ಲರೂ ಕತ್ತಿ, ಗುದ್ದಲಿ ಹಿಡಿದು ಬೆಟ್ಟ ಏರಲಿದ್ದೇವೆ. ಲಂಟಾನವನ್ನು ಬುಡಸಹಿತ ಕೀಳಬೇಕೆಂಬುದರಲ್ಲಿ ಇಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ಇಂತಹ ಶ್ರಮದಾನಗಳಲ್ಲಿ ಲಂಟಾನದ ಜೊತೆಗೇ ಬೆಟ್ಟದಿಂದ ಕಾಣೆಯಾಗುವ ಇನ್ನೊಂದು ಪೊದೆಯಿದೆ. ಮುಳ್ಳಿದೆ, ಬಟ್ಟೆಗೆ ತೊಡರುತ್ತದೆ ಎಂಬ ಕಾರಣಕ್ಕೆ ಅದೂ ಕಳೆಯ ರಾಶಿಗೆ ಸೇರಿಬಿಡುತ್ತದೆ. ಅದು ಕೌಳಿಮಟ್ಟಿ. ಕೆಲವರು ಕವಳೆ ಎನ್ನುತ್ತಾರೆ, ಕರಾವಳಿಯವರು ಕರಂಡೆ ಎನ್ನುತ್ತಾರೆ. ಹಣ್ಣು ತಿನ್ನದವರು ಇಲ್ಲಿ ಯಾರೂ ಇರಲಾರರು. ಗಿಡವನ್ನು ನಿಂತು ನೋಡಿದವರು ಎಷ್ಟು ಮಂದಿಯೋ ತಿಳಿಯದು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾರಿಸ್ಸಾ ಕರಂಡಾಸ್. 1767ರಲ್ಲಿ ಲಿನ್ನೇಯಸ್ ಈ ಹೆಸರನ್ನಿತ್ತನಾದರೂ ಅದರ ಉತ್ತರಾರ್ಧ ನಮ್ಮದೇ ನೆಲದ ಮಾತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತನ ಗ್ರಂಥದಲ್ಲಿಯೂ ಕರಂಡಾಸ್ ಎಂಬ ಹೆಸರು ಬರುತ್ತದೆ. ಸಂಸ್ಕೃತದಲ್ಲಿ ಇದು ಕರಮರ್ದ. ಇದರದೇ ಬಳಗದ, ಸಣ್ಣ ಎಲೆ, ಸಣ್ಣ ಹಣ್ಣಿನ ಕ್ಯಾರಿಸ್ಸಾ ಸ್ಪೈನಾರಮ್ ಒಣ ಗುಡ್ಡಗಳಲ್ಲಿ ಹೆಚ್ಚು. ಇವೆರಡರ ನಡುವಿನ ಗೆರೆ ಎಲ್ಲಿ ಎಂಬ ಬಗ್ಗೆ ವರ್ಗೀಕರಣಕಾರರಲ್ಲಿ ಒಮ್ಮತವಿಲ್ಲ. ನಾಳಿನ ಕೆಲಸಕ್ಕೆ ಆ ಚರ್ಚೆಯಿಂದ ಬಾಧಕವೂ ಇಲ್ಲ.

ಮೊದಲು ಮುಳ್ಳನ್ನು ನೋಡೋಣ. ಎಲ್ಲ ಮುಳ್ಳುಗಳೂ ಒಂದೇ ಅಲ್ಲ. ಗುಲಾಬಿಯ ಮುಳ್ಳು ತೊಗಟೆಯ ಹೊರಪದರದಿಂದ ಎದ್ದದ್ದು. ಬೆರಳಿನಿಂದ ಒತ್ತಿದರೆ ಕಳಚಿಕೊಳ್ಳುತ್ತದೆ. ಬೋರೆಯ ಮುಳ್ಳು ಎಲೆಯ ಬುಡದ ಉಪಪರ್ಣದ ರೂಪಾಂತರ. ಕೌಳಿಯ ಮುಳ್ಳಾದರೋ ರೆಂಬೆಯದೇ ರೂಪಾಂತರ. ಗೆಣ್ಣುಗಳಲ್ಲಿ ಎರಡೆರಡಾಗಿ, ಎತ್ತಿನ ಕೊಂಬಿನಂತೆ ಅತ್ತಿತ್ತ ಚಾಚಿಕೊಂಡಿರುತ್ತದೆ. ಕೆಲವೊಮ್ಮೆ ತುದಿಯಲ್ಲಿ ತಾನೇ ಕವಲೊಡೆಯುತ್ತದೆ. ಒಳಗಿನ ಕಟ್ಟಿಗೆಯೊಡನೆ ಬೆಸೆದುಕೊಂಡಿರುವುದರಿಂದ ಅದು ಕಳಚುವುದಿಲ್ಲ. ಹಸುವಿನ ಮೂತಿಗೆ ಒಮ್ಮೆ ತಾಗಿದರೆ ಸಾಕು, ಮತ್ತೆ ಅದು ಆ ಪೊದೆಯೊಳಕ್ಕೆ ತಲೆ ಹಾಕುವುದಿಲ್ಲ.

ಎರಡನೆಯ ರಕ್ಷಣೆ ಹಾಲು. ಎಲೆಯನ್ನೋ ಎಳೆಯ ಕಾಯಿಯನ್ನೋ ಚಿವುಟಿದರೆ ಬೆಳ್ಳಗಿನ ಅಂಟುರಸ ಒಸರುತ್ತದೆ. ಇದು ಕಣಗಿಲೆಯ ಕುಟುಂಬದ ಗುರುತು. ಹಾಲೆಮರ, ನಂದಿಬಟ್ಟಲು, ದೇವಕಣಗಿಲೆಗಳೆಲ್ಲ ಇದರ ದಾಯಾದಿಗಳೇ. ಈ ಕುಟುಂಬದಲ್ಲಿ ವಿಷದ ಗಿಡಗಳು ಬಹಳ. ಕಣಗಿಲೆಯ ಎಲೆ ತಿಂದ ದನ ಬದುಕುವುದು ಕಷ್ಟವೆಂದು ನಮ್ಮ ಹಿರಿಯರಿಗೆ ತಿಳಿದಿದೆ. ಅಂತಹ ಮನೆತನದಲ್ಲಿ ಹುಟ್ಟಿಯೂ ಕೌಳಿ ತಿನ್ನಬಹುದಾದ ಹಣ್ಣನ್ನು ಕೊಡುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರವನ್ನು ಇಟ್ಟುಕೊಳ್ಳಬೇಕು: ಹಾಲು ಬರುವ ಗಿಡದ ಹಣ್ಣನ್ನು ಗುರುತು ಖಚಿತವಾಗದೆ ಬಾಯಿಗೆ ಹಾಕಬಾರದು.

ಹೂವು ಬೇಸಿಗೆಯ ಆರಂಭದಲ್ಲಿ, ರೆಂಬೆಯ ತುದಿಯಲ್ಲಿ ಗೊಂಚಲಾಗಿ ಬರುತ್ತದೆ. ಬಿಳಿ ಬಣ್ಣ, ಮಲ್ಲಿಗೆಯಂತಹ ಪರಿಮಳ. ಕಾಡುಮಲ್ಲಿಗೆಯೆಂದು ಭ್ರಮಿಸುವವರೂ ಇದ್ದಾರೆ. ಹೂವಿನ ನಳಿಕೆಯನ್ನು ಉಗುರಿನಿಂದ ಸೀಳಿ ನೋಡಿ. ಮಲ್ಲಿಗೆಯಲ್ಲಿ ಕೇಸರಗಳು ಎರಡು. ಕೌಳಿಯಲ್ಲಿ ಐದು, ನಳಿಕೆಯ ಒಳಗೋಡೆಗೆ ಅಂಟಿಕೊಂಡು ಹುದುಗಿರುತ್ತವೆ. ಅರಳುವ ಮುನ್ನ ಐದು ದಳಗಳೂ ಒಂದರ ಮೇಲೊಂದು ಒಂದೇ ದಿಕ್ಕಿಗೆ ತಿರುಚಿಕೊಂಡು ಬತ್ತಿ ಹೊಸೆದಂತೆ ಕಾಣುತ್ತವೆ. ನಂದಿಬಟ್ಟಲಿನ ಮೊಗ್ಗಿನಲ್ಲಿಯೂ ಈ ತಿರುಚು ಉಂಟು.

ಕಾಯಿ ಮೊದಲು ಹಸಿರು, ಬಳಿಕ ಕೆಂಪು, ಮಾಗಿದಾಗ ಕಪ್ಪಿಗೆ ಸಮೀಪದ ನೇರಳೆ. ಇದು ಓಟೆಯಿಲ್ಲದ ಹಣ್ಣು; ತಿರುಳಿನೊಳಗೆ ಚಪ್ಪಟೆಯಾದ ಕೆಲವು ಬೀಜಗಳಿರುತ್ತವೆ. ಕಾಯಿಯಲ್ಲಿ ಪೆಕ್ಟಿನ್ ಅಂಶ ಸಮೃದ್ಧವಾಗಿರುವುದರಿಂದ ಜೆಲ್ಲಿ ಚೆನ್ನಾಗಿ ಕಟ್ಟುತ್ತದೆ. ಉಪ್ಪಿನಕಾಯಿ ಹಾಕುವ ತಾಯಂದಿರು ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಸಿಡುವುದು ಹಾಲು ಬಿಡಲೆಂದೇ. ಪೇಟೆಯ ಬೇಕರಿಯಲ್ಲಿ ಕೇಕಿನ ಮೇಲೆ ಕೆಂಪಗೆ ಹೊಳೆಯುವ ಚೆರ್ರಿಯೂ ಅನೇಕ ವೇಳೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕೌಳಿಕಾಯಿಯೇ. ಬೆಟ್ಟದಲ್ಲಿ ಬಿಟ್ಟಿಯಾಗಿ ಸಿಗುವುದನ್ನು ಕಡಿದೊಗೆದು, ಪೇಟೆಯಲ್ಲಿ ಬಣ್ಣ ಹಚ್ಚಿಸಿಕೊಂಡು ಬಂದದ್ದನ್ನು ದುಡ್ಡು ಕೊಟ್ಟು ತಿನ್ನುತ್ತೇವೆ!

ಇಷ್ಟೆಲ್ಲ ವಿವರ ಏಕೆಂದರೆ, ಈ ಅಂಗಗಳೇ ಬೆಟ್ಟದ ಕೆಲಸ ಮಾಡುತ್ತಿವೆ. ಮಾಗಿದ ಹಣ್ಣಿಗೆ ಪಿಕಳಾರಗಳು ಬರುತ್ತವೆ. ಪೊದೆಯ ಮೇಲೆ ಕುಳಿತು, ಬೇರೆಡೆ ತಿಂದ ಹಣ್ಣುಗಳ ಬೀಜವನ್ನೂ ಅದರ ಬುಡಕ್ಕೆ ಉದುರಿಸುತ್ತವೆ. ಬುಡದಲ್ಲಿ ನೆರಳಿದೆ, ತರಗೆಲೆಯ ತೇವವಿದೆ, ಸುತ್ತ ಮುಳ್ಳಿನ ಕೋಟೆಯಿದೆ. ದನ ಮೇದು ಬೋಳಾದ ಬೆಟ್ಟದಲ್ಲಿ ಒಂದು ನೇರಳೆಯ ಸಸಿ ಎದೆಯೆತ್ತರ ಬೆಳೆದಿರುವುದನ್ನು ನಾನು ಕಂಡಿರುವುದು ಬಹುತೇಕ ಇಂತಹ ಮಟ್ಟಿಗಳ ನಡುವೆಯೇ. ನಾವು ಗುಂಡಿ ತೋಡಿ, ಗಿಡ ನೆಟ್ಟು, ತಂತಿಬೇಲಿ ಕಟ್ಟಿ ಮಾಡುವ ಕೆಲಸವನ್ನು ಕೌಳಿ ಕೂಲಿಯಿಲ್ಲದೆ ಮಾಡುತ್ತಿದೆ. ನೆಡುತೋಪಿಗೆ ಜಾಗ ಸಜ್ಜುಗೊಳಿಸುವ ಹೆಸರಿನಲ್ಲಿ ಜೆಸಿಬಿಯಿಂದ ಮಟ್ಟಿಗಳನ್ನೆಲ್ಲ ಕಿತ್ತು, ಬಳಿಕ ಅದೇ ಜಾಗದಲ್ಲಿ ಸಸಿಗಳು ಏಕೆ ಉಳಿಯಲಿಲ್ಲವೆಂದು ಸಭೆ ಕರೆಯುವುದು ವಿವೇಕವಲ್ಲ.

ಹಾಗಾದರೆ ಲಂಟಾನವೂ ಮುಳ್ಳುಪೊದೆಯೇ, ಅದರ ಹಣ್ಣನ್ನೂ ಹಕ್ಕಿ ತಿನ್ನುತ್ತದೆ, ಅದನ್ನೇಕೆ ಕೀಳಬೇಕೆಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಅಮೆರಿಕದ ಈ ಗಿಡ ಬೇಗ ಹಬ್ಬಿ, ಎಡೆಬಿಡದ ಚಪ್ಪರವಾಗಿ ಕೆಳಗಿನ ಬೆಳಕನ್ನೆಲ್ಲ ತಡೆಯುತ್ತದೆ. ಅದರ ಎಲೆ ದನಕ್ಕೆ ವಿಷ. ಕೌಳಿ ನಿಧಾನವಾಗಿ, ಒಂದೊಂದೇ ಮಟ್ಟಿಯಾಗಿ, ನಡುವೆ ಹುಲ್ಲಿಗೆ ಜಾಗ ಬಿಟ್ಟು ಬೆಳೆಯುತ್ತದೆ.

ಗುರುತು ಸುಲಭ. ಲಂಟಾನದ ಎಳೆಯ ಕಾಂಡ ಚೌಕಾಕಾರ, ಅದರ ಮೇಲೆ ಸಣ್ಣ ಕೊಕ್ಕೆಮುಳ್ಳುಗಳು. ಎಲೆ ಒರಟು, ಅಂಚು ಗರಗಸದಂತೆ, ಹಿಚುಕಿದರೆ ಘಾಟು ವಾಸನೆ, ಹಾಲಿಲ್ಲ. ಕೌಳಿಯ ಎಲೆ ದಪ್ಪ, ನುಣುಪು, ಅಂಚು ನೇರ, ಮುಳ್ಳು ಜೋಡಿ ಮತ್ತು ನೆಟ್ಟಗೆ. ಸಂದೇಹ ಬಂದರೆ ಒಂದು ಎಲೆ ಚಿವುಟಿ. ಹಾಲು ಬಂದರೆ ಕತ್ತಿಯನ್ನು ಕೆಳಗಿಡಿ. ಲಂಟಾನ ಕೌಳಿಯ ಮೇಲೇರಿ ಹೆಣೆದುಕೊಂಡಿರುವಲ್ಲಿ ಮೇಲಿನಿಂದ ಸವರಬೇಡಿ. ಲಂಟಾನದ ಬುಡ ಹುಡುಕಿ ಕಿತ್ತು, ಬಳ್ಳಿಯಂತೆ ಎಳೆದು ತೆಗೆಯಿರಿ. ಕೈಗೆ ಗೀರುಗಳಾಗುತ್ತವೆ, ಕೆಲಸವೂ ನಿಧಾನವಾಗುತ್ತದೆ. ಎರಡು ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಕೊನೆಯ ಹಣ್ಣುಗಳು ಇನ್ನೂ ಮಟ್ಟಿಗಳಲ್ಲಿವೆ. ತಿಂದವರು ಬೀಜವನ್ನು ಉಗುಳದೆ ಕಿಸೆಯಲ್ಲಿಟ್ಟುಕೊಳ್ಳಿ. ಒಣಗಿಸಿ ಮುಂದಿನ ವರ್ಷಕ್ಕೆ ಇಡುವ ಬೀಜ ಇದಲ್ಲ. ತಡಮಾಡಿದಷ್ಟೂ ಮೊಳಕೆ ಕುಗ್ಗುತ್ತದೆ. ತೊಳೆದು ಅಂದೇ ಮಡಿಯಲ್ಲಿ ಹಾಕಿದರೆ ಬರುವ ಮಳೆಗಾಲಕ್ಕೆ ಬೇಲಿಯ ಸಾಲಿಗೆ ಸಸಿ ಸಿದ್ಧ. ನೆಟ್ಟ ಮೂರನೆಯ ವರ್ಷದ ಸುಮಾರಿಗೆ ಕಾಯಿ ಕಾಣಬಹುದು. ಮಡಿಗೆ ಶಾಲೆಯ ಹಿಂದಿನ ಜಾಗವನ್ನು ಮುಖ್ಯೋಪಾಧ್ಯಾಯರು ಕೊಡುತ್ತೇನೆಂದಿದ್ದಾರೆ. ನಾಳೆ ಏಳು ಗಂಟೆಗೆ ಅಲ್ಲಿಯೇ ಸೇರೋಣ.