ಹಲಗೆಯ ಸಂದು ಹೇಳುವ ಕಥೆ

(ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮರದ ಮಾದರಿಗಳನ್ನು ತಯಾರಿಸುವ ಹವ್ಯಾಸಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಹಡಗಿನ ಬಗ್ಗೆ ಭಾಷಣ ಮಾಡಲು ದಾವಣಗೆರೆಗಿಂತ ಒಣ ಜಾಗ ನಿನಗೆ ಸಿಗಲಿಲ್ಲವೇ ಎಂದು ಇಲ್ಲಿಗೆ ಹೊರಟಾಗ ಸ್ನೇಹಿತನೊಬ್ಬ ಕೇಳಿದ. ಅವನ ಮಾತಿನಲ್ಲಿ ಹುರುಳಿದೆ. ನಮ್ಮ ಕಡೆಯವರಿಗೆ ಗೊತ್ತಿರುವ ಜಲವಾಹನವೆಂದರೆ ಹರಿಹರದ ಹೊಳೆಯ ಹರಿಗೋಲು. ಬಿದಿರಿನ ಬುಟ್ಟಿ, ಅದರ ಹೊರಮೈಗೆ ಚರ್ಮ. ಅದಕ್ಕೆ ತಳವುಂಟು, ಮೇಲ್ಮುಚ್ಚಿಗೆ ಇಲ್ಲ. ಮಳೆ ಬಂದರೆ ನೀರು ನೇರವಾಗಿ ಒಳಗೆ. ಕೂತವರು ಮೊಗೆದು ಚೆಲ್ಲಬೇಕು. ಹೊಳೆ ದಾಟುವಷ್ಟು ಹೊತ್ತಿಗೆ ಅದು ಸಾಕು. ತಿಂಗಳುಗಟ್ಟಲೆ ಕಡಲಲ್ಲಿರುವ ಹಡಗಿಗೆ ಸಾಲದು. ಅಲ್ಲಿ ಅಲೆ ತಲೆಯ ಮೇಲಿನಿಂದಲೂ ಬರುತ್ತದೆ. ಅದಕ್ಕೇ ಹಡಗಿನ ತೆರೆದ ಬಾಯಿಗೆ ಅಡ್ಡತೊಲೆಗಳನ್ನು ಹಾಕಿ, ತೊಲೆಗಳ ಮೇಲೆ ಉದ್ದುದ್ದ ಹಲಗೆ ಹೊದಿಸಿ ಮುಚ್ಚುತ್ತಾರೆ. ಅದೇ ಡೆಕ್ಕು. ಇವತ್ತಿನ ಮಾತು ಆ ಹಲಗೆಗಳದ್ದು.

ಪತ್ರಿಕೆಯ ವರದಿಗಾರನಿಗೆ ಬಡಗಿಯ ಕೆಲಸ ಏನು ಗೊತ್ತು ಎಂದು ನೀವು ಕೇಳಬಹುದು. ಗೊತ್ತಿಲ್ಲದ್ದರಿಂದಲೇ ಕಲಿತೆ. ಒಂದು ಬೇಸಿಗೆಯಲ್ಲಿ ಇದೇ ಊರಿನಲ್ಲಿ ಕುಳಿತು ನಾನೊಂದು ಹಡಗಿನ ಮಾದರಿ ಮಾಡಿದೆ. ಡೆಕ್ಕಿಗೆ ಒಂದೊಂದೇ ಪಟ್ಟಿ ಅಂಟಿಸುವ ತಾಳ್ಮೆ ಇರಲಿಲ್ಲ. ತೆಳು ಮರದ ಹಾಳೆಯೊಂದನ್ನು ಅಖಂಡವಾಗಿ ಫೆವಿಕಾಲ್ ಹಾಕಿ ಅಂಟಿಸಿ, ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ. ನೋಡಲು ಚೆನ್ನಾಗಿಯೇ ಇತ್ತು. ಜೂನ್ ತಿಂಗಳಲ್ಲಿ ಅದನ್ನು ಕಾರವಾರದ ನೆಂಟರ ಮನೆಗೆ ಒಯ್ದೆ. ಮಳೆ ಹಿಡಿದ ಮೂರನೇ ದಿನ ಡೆಕ್ಕು ಹಪ್ಪಳದಂತೆ ಉಬ್ಬಿ ಎದ್ದಿತು. ಅಲ್ಲಿ ದೋಣಿ ಕೆಲಸ ಮಾಡಿದ್ದ ಅಜ್ಜರೊಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿ, "ತಮಾ, ನೀನು ಮಾಡಿದ್ದು ಡೆಕ್ಕಲ್ಲ, ಚಾಪೆ" ಎಂದರು. ನಕ್ಕರು, ಆದರೆ ಕಾರಣವನ್ನೂ ಹೇಳಿದರು.

ಮರ ಕಡಿದ ಮೇಲೂ ಉಸಿರಾಡುತ್ತದೆ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಈ ಹಿಗ್ಗುವಿಕೆ ಬಹಳ ಕಡಿಮೆ, ಅಡ್ಡಕ್ಕೆ ಹೆಚ್ಚು. ಅಖಂಡ ಹಾಳೆಯಲ್ಲಿ ಈ ಅಡ್ಡ ಹಿಗ್ಗೆಲ್ಲ ಒಟ್ಟುಗೂಡುತ್ತದೆ. ಹೋಗಲು ಎಡೆಯಿಲ್ಲದೆ ಮೇಲಕ್ಕೇಳುತ್ತದೆ. ಬೇರೆ ಬೇರೆ ಹಲಗೆಗಳಾದರೆ ಎರಡರ ನಡುವಿನ ಸಂದು ಅದನ್ನು ತಾಳಿಕೊಳ್ಳುತ್ತದೆ. ಹಾಗಾಗಿ ನಿಜವಾದ ಹಡಗಿನಲ್ಲಿ ಸಂದು ಎಂಬುದು ಕೆಲಸದ ದೋಷವಲ್ಲ, ಬೇಕೆಂದೇ ಬಿಟ್ಟ ಜಾಗ.

ಬಿಟ್ಟ ಜಾಗದಲ್ಲಿ ನೀರು ಇಳಿಯಬಾರದಲ್ಲ? ಯುರೋಪಿನವರು ಹಳೆಯ ಹಗ್ಗವನ್ನು ಬಿಡಿಸಿ, ಡಾಂಬರು ಸವರಿದ ಆ ನಾರನ್ನು ಉಳಿಯಂಥ ಕಬ್ಬಿಣದಿಂದ ಸಂದಿಗೆ ಬಡಿದು ತುಂಬಿ, ಮೇಲೆ ಕಾಯಿಸಿದ ಕೀಲು ಹೊಯ್ಯುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ನಾರಿನ ಬದಲು ಎಣ್ಣೆಯಲ್ಲಿ ನೆನೆಸಿದ ಹತ್ತಿ. ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನವರಾದ ನಾವು ಈ ಸಂಗತಿಗೆ ಸ್ವಲ್ಪ ಹೆಮ್ಮೆ ಪಡಬಹುದು. ಹಲಗೆ ನೀರು ಕುಡಿದು ಹಿಗ್ಗಿದಷ್ಟೂ ಈ ತುಂಬು ಬಿಗಿಯಾಗುತ್ತದೆ. ಬಿಸಿಲಿಗೆ ಒಣಗಿದರೆ ಸಡಿಲ. ನಾವಿಕರು ಡೆಕ್ಕಿಗೆ ಆಗಾಗ ಉಪ್ಪುನೀರು ಹೊಯ್ದು ತೊಳೆಯುತ್ತಿದ್ದುದು ಬರೀ ಶುಚಿಗಲ್ಲ.

ಆ ಕಪ್ಪು ಗೆರೆಯನ್ನು ಮಾದರಿಯಲ್ಲಿ ತೋರಿಸುವುದು ಹೇಗೆ? ನಿಮ್ಮಲ್ಲಿ ಕೆಲವರು ಪಟ್ಟಿಗಳ ನಡುವೆ ಕಪ್ಪು ದಾರ ಇಟ್ಟಿದ್ದನ್ನು ನೋಡಿದೆ. ಒಂದು ಲೆಕ್ಕ ಮಾಡೋಣ. 48ಕ್ಕೆ 1ರ ಅಳತೆ ಎಂದುಕೊಳ್ಳಿ. 24 ಅಡಿ ಉದ್ದದ ಹಲಗೆ 6 ಅಂಗುಲವಾಗುತ್ತದೆ. 10 ಅಂಗುಲ ಅಗಲದ್ದು 5 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಕಾಲು ಅಂಗುಲದ ಸಂದು? ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಹೊಲಿಗೆಯ ದಾರ ಅದಕ್ಕಿಂತ ದಪ್ಪ. ಪಟ್ಟಿಯ ಒಂದು ಅಂಚಿಗೆ ಮಾತ್ರ ಮೃದು ಪೆನ್ಸಿಲನ್ನು ಉಜ್ಜಿ ಅಂಟಿಸಿದರೆ ಸರಿಯಾದ ಗೆರೆ ಬರುತ್ತದೆ. ಎರಡೂ ಅಂಚಿಗೆ ಉಜ್ಜಿದರೆ ಡೆಕ್ಕು ಕಾಪಿಪುಸ್ತಕದ ಹಾಳೆಯಂತೆ ಕಾಣುತ್ತದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ತಯಾರಿಸುತ್ತಿದ್ದ ಕಾಲದಲ್ಲಿ ದುಡಿದ ಹಿರಿಯರು ಈ ಸಭೆಯಲ್ಲಿದ್ದರೆ, ಮಿಲಿಮೀಟರಿನ ಹತ್ತನೇ ಭಾಗದ ಮಹತ್ವವನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಜ್ಜರು ಚಾಪೆ ಎಂದದ್ದು ಉಬ್ಬಿದ್ದಕ್ಕಲ್ಲ. ನಾನು ಎಳೆದ ಅಡ್ಡಗೆರೆಗಳಿಗೆ. ಹಲಗೆ ಮುಗಿದು ಇನ್ನೊಂದು ಶುರುವಾಗುವ ಜಾಗಗಳನ್ನೆಲ್ಲ ನಾನು ಒಂದೇ ಸಾಲಿನಲ್ಲಿ ತೋರಿಸಿದ್ದೆ. ಗಾರೆ ಕೆಲಸದವರನ್ನು ಕೇಳಿ ನೋಡಿ, ಇಟ್ಟಿಗೆಯ ಸಂದಿನ ಮೇಲೆ ಸಂದು ಬರಲು ಅವರು ಬಿಡುವುದಿಲ್ಲ. ಗೋಡೆ ಅಲ್ಲೇ ಸೀಳುತ್ತದೆ. ಡೆಕ್ಕಿನದೂ ಅದೇ ನ್ಯಾಯ. ಹಲಗೆಯ ತುದಿ ತೊಲೆಯ ಮೇಲೆಯೇ ಮುಗಿಯಬೇಕು, ಗಾಳಿಯಲ್ಲಿ ಅಲ್ಲ. ಒಂದೇ ತೊಲೆಯ ಮೇಲೆ ಎರಡು ತುದಿಗಳು ಬಂದರೆ ಅವೆರಡರ ನಡುವೆ ಕನಿಷ್ಠ ಮೂರು ಅಖಂಡ ಹಲಗೆಗಳಾದರೂ ಹಾದುಹೋಗಬೇಕು ಎಂಬುದು ಇಂಗ್ಲಿಷ್ ಹಡಗುಕಟ್ಟೆಗಳ ಪದ್ಧತಿ. ಮೂತಿಯ ಕಡೆಗೆ ಹಡಗು ಕಿರಿದಾಗುವಲ್ಲಿ ಹಲಗೆಯನ್ನು ಸೂಜಿಯಂತೆ ಚೂಪು ಮಾಡಿದರೂ ತಪ್ಪು. ಚೂಪಿನಲ್ಲಿ ಮೊಳೆ ನಿಲ್ಲದು, ನಾರು ಬಡಿದರೆ ಸಿಗಿಯುತ್ತದೆ. ತುದಿಯನ್ನು ಮೊಂಡಾಗಿ ಕತ್ತರಿಸಿ, ಅಂಚುಹಲಗೆಯಲ್ಲಿ ಕಚ್ಚು ಕೊರೆದು ಕೂರಿಸಬೇಕು.

ಇಷ್ಟೊಂದು ತುದಿಗಳೇಕೆ, ಹಡಗಿನಷ್ಟೇ ಉದ್ದದ ಹಲಗೆ ಹಾಕಬಾರದೇ? ಹಾಕಬಹುದಿತ್ತು, ಅಂಥ ಮರವಿದ್ದರೆ. ಹಲಗೆಯ ಉದ್ದ ಕಾಡು ಕೊಟ್ಟ ಉದ್ದ. ಆ ಕಾಡು ಯಾವುದು ಎಂಬಲ್ಲಿ ನಮ್ಮ ನಾಡು ಈ ಕಥೆಯೊಳಗೆ ಬರುತ್ತದೆ.

ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಬ್ರಿಟನ್ನಿನಲ್ಲಿ ಹಡಗಿನ ಓಕ್ ಮರಕ್ಕೆ ಬರ ಬಂದಿತ್ತು. ಮುಂಬಯಿಯಲ್ಲಿ ಪಾರ್ಸಿ ವಾಡಿಯಾ ಮನೆತನದ ಬಡಗಿಗಳು ತೇಗದ ಹಡಗು ಕಟ್ಟುತ್ತಿದ್ದರು. ಆ ತೇಗ ಹೋದದ್ದು ಮಲಬಾರ್ ಮತ್ತು ನಮ್ಮ ಕೆನರಾ ಕಾಡುಗಳಿಂದ. ನೌಕಾಪಡೆಗೆ ತೇಗ ಖಾತರಿಪಡಿಸಲೆಂದೇ ಕಂಪನಿ ಸರಕಾರ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿನಲ್ಲಿ ಅರಣ್ಯಾಧಿಕಾರಿಯಾಗಿ ನೇಮಿಸಿತು. ತೇಗದ ಮೇಲೆ ಸರಕಾರದ ಏಕಸ್ವಾಮ್ಯ ಬಂದಿತು. ವ್ಯಾಪಾರಿಗಳೂ ರೈತರೂ ಸಿಟ್ಟಾದರು. ಥಾಮಸ್ ಮನ್ರೋ ಮದ್ರಾಸಿನ ಗವರ್ನರ್ ಆಗಿದ್ದಾಗ, 1823ರಲ್ಲಿ, ಆ ಹುದ್ದೆಯೇ ರದ್ದಾಯಿತು. ಅಷ್ಟರಲ್ಲಿ ಎಷ್ಟೋ ಮರ ಕಡಲಿಗೆ ಇಳಿದಾಗಿತ್ತು.

ಹಾಗೆ ಇಳಿದ ಹಡಗುಗಳಲ್ಲಿ ಒಂದು ಈಗಲೂ ನೀರಿನ ಮೇಲಿದೆ. ಹೆಸರು ಟ್ರಿಂಕೋಮಲಿ. ಜಮ್‌ಷೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿದ ಈ ಯುದ್ಧನೌಕೆ 1817ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ದುರಸ್ತಿಗೊಂಡು ಸಂಗ್ರಹಾಲಯವಾಗಿ ನಿಂತಿದೆ. ಇದರ ನಕ್ಷೆ ಮುಂಬಯಿಗೆ ಬಂದ ಬಗೆಯೂ ಸ್ವಾರಸ್ಯದ್ದು. ಮೊದಲ ನಕ್ಷೆಗಳನ್ನು ಹೊತ್ತಿದ್ದ ಜಾವಾ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದವರು ಸೋಲಿಸಿ ಸುಟ್ಟರು. ನಕ್ಷೆಯ ಇನ್ನೊಂದು ಪ್ರತಿ ಕಳುಹಿಸಬೇಕಾಯಿತು.

ಕಾಗದದ ಹಣೆಬರಹ ಇಷ್ಟೇ. ಮರದ ಮಾದರಿ ಈ ವಿಷಯದಲ್ಲಿ ಗಟ್ಟಿ. ನಕ್ಷೆ ಓದಲು ಬಾರದ ಬಡಗಿಗೂ ಅದು ಅರ್ಥವಾಗುತ್ತದೆ. ಟಿಪ್ಪು ಸುಲ್ತಾನ್ 1796ರಲ್ಲಿ ಸುಮಾರು ನಲವತ್ತು ಹಡಗುಗಳ ನೌಕಾಪಡೆಗೆ ಯೋಜನೆ ಹಾಕಿ, ಮಂಗಳೂರೂ ಸೇರಿದಂತೆ ಕರಾವಳಿಯ ಮೂರು ಕಡೆ ಹಡಗುಕಟ್ಟೆಗಳನ್ನು ಗೊತ್ತುಮಾಡಿದ. ಹಡಗು ಹೇಗಿರಬೇಕೆಂದು ತಿಳಿಸಲು ಮಾದರಿಯನ್ನು ತಾನೇ ಒದಗಿಸಿದ ಎಂದು ಇತಿಹಾಸಕಾರ ಮೊಹಿಬ್ಬುಲ್ ಹಸನ್ ಬರೆದಿದ್ದಾರೆ. ಮರ ರಾಜ್ಯದ ಕಾಡಿನದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಎಲ್ಲವೂ ಅಲ್ಲಿಗೇ ನಿಂತಿತು.

ನಕ್ಷೆಯೂ ಇಲ್ಲದ, ಮಾದರಿಯೂ ಇಲ್ಲದ ಸ್ಥಿತಿ ಹೇಗಿರುತ್ತದೆ ಎಂಬುದಕ್ಕೆ ಕಾರವಾರದಲ್ಲೇ ಉದಾಹರಣೆ ಇದೆ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಗೋವಾದಲ್ಲಿ ಕಟ್ಟಿದ ಹಡಗದು. ಕಟ್ಟಿದವರು ಕೇರಳದ ಕುಶಲಕರ್ಮಿಗಳು. ಅವರಿಗೆ ಸಿಕ್ಕಿದ್ದ ಆಧಾರ ಐದನೇ ಶತಮಾನದ ಅಜಂತಾ ಚಿತ್ರವೊಂದು. ಗೋಡೆಯ ಚಿತ್ರದಲ್ಲಿ ಹಲಗೆಯ ದಪ್ಪ, ತೊಲೆಯ ಅಂತರ ಎಲ್ಲಿ ಕಾಣುತ್ತದೆ? ಅವನ್ನೆಲ್ಲ ಊಹಿಸಿ, ಮದ್ರಾಸ್ ಐಐಟಿಯಲ್ಲಿ ಮಾದರಿಯ ಮೇಲೆ ಪರೀಕ್ಷೆ ನಡೆಸಿ ಮುಂದುವರಿಯಬೇಕಾಯಿತು. ಹಡಗು ಆ ವರ್ಷದ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಸೇರಿತು. ಅಜಂತಾ ಕಾಲದ ಒಬ್ಬ ಬಡಗಿ ಮೊಳದುದ್ದದ ಮಾದರಿಯೊಂದನ್ನು ಸರಿಯಾಗಿ ಮಾಡಿಟ್ಟು, ಅದು ಉಳಿದಿದ್ದರೆ ಇವರ ಅರ್ಧ ಶ್ರಮ ಉಳಿಯುತ್ತಿತ್ತು. ಸರಿಯಾಗಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ನನ್ನ ಚಾಪೆಯಂಥದ್ದು ಸಿಕ್ಕಿದ್ದರೆ ದಾರಿ ತಪ್ಪುತ್ತಿದ್ದರು.

ಕೊನೆಯದಾಗಿ ಕೆಲಸದ ಒಂದೆರಡು ಮಾತು. ಮಾದರಿಯ ಡೆಕ್ಕಿಗೆ ತೇಗವನ್ನೇ ಬಳಸಬೇಕೆಂಬ ಹಟ ಬೇಡ. ಅದರ ಎಳೆ ಒರಟು, 48ಕ್ಕೆ ಇಳಿಸಿದಾಗ ಹಗ್ಗದಂತೆ ಕಾಣುತ್ತದೆ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ನುಣುಪಾಗಿದೆ, ಬಣ್ಣವೂ ತಿಳಿ. ಮರದ ಮೊಳೆಗೆ ಊದಿನಕಡ್ಡಿಯ ಬಿದಿರನ್ನು ಸೀಳಿ, ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಪಟ್ಟಿಯಲ್ಲಿ ಎಳೆದರೆ ಅರ್ಧ ಮಿಲಿಮೀಟರಿನ ಕಡ್ಡಿ ಸಿಗುತ್ತದೆ. ತೊಲೆಗಳ ನಡುವನ್ನು ಸ್ವಲ್ಪ ಉಬ್ಬಿಸಿ, ನೀರು ಪಕ್ಕಕ್ಕೆ ಹರಿಯಬೇಕಲ್ಲ. ಮೊದಲ ಪಟ್ಟಿಯನ್ನು ನಟ್ಟನಡುವೆ ನೇರ ಕೂರಿಸಿ, ಅಲ್ಲಿಂದ ಎಡಬಲಕ್ಕೆ ಒಂದೊಂದಾಗಿ ಹೋಗಿ. ಅಂಟನ್ನು ತೆಳುವಾಗಿ ಹಚ್ಚಿ, ಅದರಲ್ಲೂ ನೀರಿದೆ. ಮುಗಿದ ಮೇಲೆ ಮರಳುಕಾಗದ ಉಜ್ಜಬೇಡಿ, ಪೆನ್ಸಿಲಿನ ಕರಿ ಮರದೊಳಗೆ ಹರಡುತ್ತದೆ. ಹರಿತವಾದ ಉಕ್ಕಿನ ತಗಡಿನಿಂದ ನಾರಿನ ಉದ್ದಕ್ಕೆ ಮೆಲ್ಲಗೆ ಹೆರೆಯಿರಿ. ನಾನು ಎರಡನೇ ಸಲ ಮಾಡಿದ ಡೆಕ್ಕು ಅಲ್ಲಿ ಮೇಜಿನ ಮೇಲಿದೆ. ಅದು ಎರಡು ಮಳೆಗಾಲ ಕಾರವಾರದಲ್ಲಿ ಕಳೆದು ಬಂದಿದೆ. ಮೂತಿಯ ಹತ್ತಿರ ಎಡಗಡೆ ಮೂರನೇ ಹಲಗೆಯ ತುದಿ ತೊಲೆ ತಪ್ಪಿ ಬಿದ್ದಿದೆ. ಹತ್ತಿರ ಬಂದು ನೋಡಿ.